ಅಂಗಾಲಿನ ಉರಿ ಮತ್ತು ಅನ್ನಾಂಗಗಳು: ನರವೇದನೆಯ ಆಹಾರಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

ಕೈಕಾಲುಗಳಲ್ಲಿ ಜೋಮು, ಅಂಗಾಲಿನಲ್ಲಿ ಉರಿ, ರಾತ್ರಿ ನಿದ್ರೆಗೆಡಿಸುವ ಚುಚ್ಚುನೋವು, ಇವುಗಳಿಗೆ 'ಬಿ' ಗುಂಪಿನ ಅನ್ನಾಂಗಗಳ ಮಾತ್ರೆಯನ್ನು ಕೊಡುವುದು ಇಂದು ನಮ್ಮ ವೈದ್ಯರಲ್ಲಿ ಸಾಮಾನ್ಯವಾದ ರೂಢಿ. ವೈದ್ಯರನ್ನು ಕೇಳದೆಯೇ ಔಷಧದ ಅಂಗಡಿಯಿಂದ ಅವನ್ನು ಕೊಂಡು ತಿಂಗಳುಗಟ್ಟಲೆ ಸೇವಿಸುವವರೂ ಅನೇಕರಿದ್ದಾರೆ. ಈ ರೂಢಿಯ ಹಿಂದೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯುಂಟು. ಆ ಚರಿತ್ರೆಯ ಬಹುಭಾಗ ಸೈನ್ಯಗಳಲ್ಲಿ, ಸೆರೆಮನೆಗಳಲ್ಲಿ, ಯುದ್ಧಕೈದಿಗಳ ಶಿಬಿರಗಳಲ್ಲಿ ನಡೆದುದು; ಅದರಲ್ಲಿ ದಕ್ಷಿಣ ಭಾರತದ ಪಾಲು ಸಣ್ಣದಲ್ಲ. ಔಷಧವೊಂದು ನೋವನ್ನು ಶಮನಗೊಳಿಸಿದಾಗ ಆ ಔಷಧದ ಅಭಾವವೇ ನೋವಿಗೆ ಕಾರಣವಾಗಿತ್ತೆಂದು ಹೇಳಬಹುದೆ, ಎಂಬ ತರ್ಕದ ಪ್ರಶ್ನೆಯೊಂದು ಈ ಚರಿತ್ರೆಯ ಉದ್ದಕ್ಕೂ ಕಾಣಿಸಿಕೊಳ್ಳುತ್ತದೆ. ಈ ಪ್ರಶ್ನೆಗೆ ತಪ್ಪಾಗಿ ಉತ್ತರ ಕೊಟ್ಟುದರಿಂದ ರೋಗಿಗಳು ಕೈಕಾಲುಗಳ ಸ್ವಾಧೀನವನ್ನೇ ಕಳೆದುಕೊಂಡ ಸಂದರ್ಭಗಳಿವೆ. ಆದುದರಿಂದ ವಿಷಯವು ಕೇವಲ ಪ್ರಾಚೀನಾಸಕ್ತರದ್ದಲ್ಲ.

ಅಂಗಾಲಿನ ಉರಿ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಅಂಗಾಲಿಗೆ ಹರಳೆಣ್ಣೆ ತಿಕ್ಕುವುದು, ಮದರಂಗಿ ಹಚ್ಚುವುದು ಇಂದಿಗೂ ಮನೆಮನೆಯ ಉಪಚಾರಗಳು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ವಾತವ್ಯಾಧಿಗಳನ್ನು ಹೇಳುವಾಗ 'ಪಾದದಾಹ'ವೆಂಬುದನ್ನೂ, ಜೋಮು ಹಿಡಿಯುವ 'ಪಾದಹರ್ಷ'ವನ್ನೂ ಬೇರೆಬೇರೆಯಾಗಿ ಹೆಸರಿಸಿದೆ. ವಾಯುವು ಪಿತ್ತರಕ್ತಗಳೊಡನೆ ಕೂಡಿ ಪಾದಗಳಲ್ಲಿ ದಾಹವನ್ನುಂಟುಮಾಡುವುದೆಂದೂ, ವಿಶೇಷವಾಗಿ ನಡೆದಾಡುವವನಲ್ಲಿ ಇದು ತೋರುವುದೆಂದೂ ಅಲ್ಲಿನ ಅಭಿಪ್ರಾಯ. ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ರೋಗವೂ ಒಂದೇ ಎನ್ನುವಂತಿಲ್ಲ. ಮುಂದೆ ನಾವು ನೋಡಲಿರುವ ಉರಿಯು ನಡೆಯುವಾಗಲ್ಲ, ರಾತ್ರಿ ಮಲಗಿದಾಗ ಹೆಚ್ಚುವಂಥದು. ಅದರಿಂದ ಪೀಡಿತರಾದವರು ಉಪಶಮನಕ್ಕಾಗಿಯೇ ಎದ್ದು ನಡೆದಾಡುತ್ತಿದ್ದರು. ಪ್ರಾಚೀನ ಗ್ರಂಥಗಳಲ್ಲಿ ಆಧುನಿಕ ರೋಗಗಳನ್ನು ಗುರುತಿಸುವ ಉತ್ಸಾಹವುಳ್ಳವರು ಇಂಥ ಸೂಕ್ಷ್ಮಭೇದಗಳನ್ನು ಗಮನಿಸುವುದು ಒಳ್ಳೆಯದು.

ಪಾಶ್ಚಾತ್ಯ ವೈದ್ಯದ ದಾಖಲೆಗಳಲ್ಲಿ ಈ ವ್ಯಾಧಿಯು ಮೊದಲು ಕಾಣುವುದು 1826ರಲ್ಲಿ. ಮೊದಲನೆಯ ಬರ್ಮಾ ಯುದ್ಧದ ಆ ಕಾಲದಲ್ಲಿ ಗ್ರಿಯರ್ಸನ್ ಎಂಬ ವೈದ್ಯನು ಭಾರತೀಯರ ಪಾದಗಳಲ್ಲಿ ಕಂಡ ಉರಿಯನ್ನು ಕುರಿತು ಕಲ್ಕತ್ತೆಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಅನಂತರ 1835ರಲ್ಲಿ ಮದರಾಸು ಸೈನ್ಯದ ವೈದ್ಯನಾದ ಮಾಲ್ಕಮ್‌ಸನ್ ಎಂಬವನು ಬೆರಿಬೆರಿ ರೋಗದ ಮೇಲೆ ಒಂದು ಗ್ರಂಥವನ್ನು ಮದರಾಸಿನಲ್ಲಿ ಅಚ್ಚುಮಾಡಿಸಿದನು. ಕಾಲು ಊದಿಕೊಳ್ಳುವುದು, ಮೀನಖಂಡಗಳಲ್ಲಿ ನೋವು, ಜೋಮು, ಶಕ್ತಿಹೀನತೆ, ಕೊನೆಗೆ ಹೃದಯಸ್ತಂಭನ, ಇವು ಆ ರೋಗದ ಲಕ್ಷಣಗಳು. ಮಾಲ್ಕಮ್‌ಸನ್ನನ ಕಾಲದಲ್ಲಿ ಈ ರೋಗದ ತವರು ಎನಿಸಿದ್ದುದು ಮದರಾಸು ಪ್ರಾಂತದ ಉತ್ತರದ ಕರಾವಳಿ, ಎಂದರೆ ಉತ್ತರ ಸರ್ಕಾರ್ ಎಂದು ಹೆಸರಾದ ತೆಲುಗು ಜಿಲ್ಲೆಗಳು. ಆ ಜಿಲ್ಲೆಗಳೇ ಏಕೆ ಎಂಬುದಕ್ಕೆ ಅಂದು ಯಾರಲ್ಲಿಯೂ ಸಮಾಧಾನಕರವಾದ ಉತ್ತರವಿರಲಿಲ್ಲ. ಹವೆ, ತೇವ, ನೆಲದಿಂದೇಳುವ ವಿಷವಾಯು ಮೊದಲಾದವನ್ನು ಕಾರಣವೆಂದು ಹೇಳುತ್ತಿದ್ದರು. ಸರಿಯಾದ ಉತ್ತರ ದೊರೆಯಲು ನೂರು ವರ್ಷಗಳು ಬೇಕಾದುವು.

ಬೆರಿಬೆರಿಯ ಕಾರಣವು ಆಹಾರದಲ್ಲಿದೆ ಎಂಬುದು ತಿಳಿದುಬಂದ ಕತೆ ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾಗಿರುವುದರಿಂದ ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಜಪಾನಿನ ನೌಕಾಸೈನ್ಯದ ವೈದ್ಯನಾದ ತಕಾಕಿ ಕನೆಹಿರೊ 1884ರಲ್ಲಿ 'ತ್ಸುಕುಬ' ಎಂಬ ಹಡಗಿನ ನಾವಿಕರ ಆಹಾರವನ್ನು ಬದಲಾಯಿಸಿ, ಮಾಂಸ ಮತ್ತು ಇತರ ಧಾನ್ಯಗಳನ್ನು ಹೆಚ್ಚಿಸಿ, ದೂರಯಾನಕ್ಕೆ ಕಳುಹಿಸಿದನು. ಅದಕ್ಕೆ ಹಿಂದಿನ ವರ್ಷ ಅಂಥದೇ ಯಾನ ಮಾಡಿದ 'ರ್‍ಯೂಜೊ' ಹಡಗಿನಲ್ಲಿ 376 ಮಂದಿಯ ಪೈಕಿ 169 ಮಂದಿಗೆ ರೋಗ ತಗುಲಿ 25 ಮಂದಿ ಸತ್ತಿದ್ದರು. 'ತ್ಸುಕುಬ'ದಲ್ಲಿ ಒಬ್ಬನೂ ಸಾಯಲಿಲ್ಲ. ತಕಾಕಿಯು ಆಹಾರದ ಮಾಂಸಾಂಶವು ಕಡಮೆಯಾದುದೇ ರೋಗಕಾರಣವೆಂದು ತಿಳಿದಿದ್ದನು. ಉಪಾಯ ಸರಿಯಾಗಿತ್ತು, ಉಪಪತ್ತಿ ತಪ್ಪಾಗಿತ್ತು. ಜಾವಾದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯನು ಬಿಳಿಯ ಅಕ್ಕಿಯ ಅನ್ನವನ್ನು ತಿಂದ ಕೋಳಿಗಳು ಕಾಲಿನ ಸ್ವಾಧೀನ ತಪ್ಪಿ ಬೀಳುವುದನ್ನೂ, ತೌಡು ಹಾಕಿದರೆ ಎದ್ದು ನಿಲ್ಲುವುದನ್ನೂ ಕಂಡನು. ಅವನ ಸಲಹೆಯಂತೆ ಫೋರ್ಡರ್‌ಮನ್ ಎಂಬ ಆರೋಗ್ಯಾಧಿಕಾರಿ ಜಾವಾದ ನೂರೊಂದು ಸೆರೆಮನೆಗಳ ಲೆಕ್ಕ ತೆಗೆದಾಗ, ಬಿಳಿ ಅಕ್ಕಿ ತಿನ್ನುವ ಸೆರೆಯಾಳುಗಳಲ್ಲಿ 39ಕ್ಕೆ ಒಬ್ಬನಂತೆಯೂ, ತೌಡು ಉಳಿದ ಅಕ್ಕಿ ತಿನ್ನುವವರಲ್ಲಿ ಸುಮಾರು 10,000ಕ್ಕೆ ಒಬ್ಬನಂತೆಯೂ ಬೆರಿಬೆರಿ ಇದ್ದುದು ಗೊತ್ತಾಯಿತು. ಆದರೂ ಐಕ್‌ಮನ್ ಅಕ್ಕಿಯಲ್ಲಿ ಒಂದು ವಿಷವಿದೆ, ತೌಡಿನಲ್ಲಿ ಅದರ ಪ್ರತಿವಿಷವಿದೆ ಎಂದೇ ಬಹುಕಾಲ ನಂಬಿದ್ದನು. ಏನೋ ಒಂದು ಇರುವುದರಿಂದ ರೋಗ ಬರುತ್ತದೆ ಎನ್ನುವುದು ಸೂಕ್ಷ್ಮಜೀವಿಶಾಸ್ತ್ರ ಬೆಳೆಯುತ್ತಿದ್ದ ಆ ಯುಗದ ಭಾವನೆ. ಏನೋ ಒಂದು ಇಲ್ಲದಿರುವುದರಿಂದಲೂ ರೋಗ ಬರಬಹುದೆಂದು 1901ರಲ್ಲಿ ಸ್ಪಷ್ಟವಾಗಿ ಹೇಳಿದವನು ಐಕ್‌ಮನ್ನನ ಉತ್ತರಾಧಿಕಾರಿ ಗ್ರೇನ್ಸ್. 1929ರ ನೊಬೆಲ್ ಪಾರಿತೋಷಕದಲ್ಲಿ ಐಕ್‌ಮನ್ನನಿಗೆ ಪಾಲು ಸಿಕ್ಕಿತು, ಗ್ರೇನ್ಸನಿಗೆ ಸಿಕ್ಕಲಿಲ್ಲ.

ಇನ್ನು ಆ ವಸ್ತುವನ್ನು ಬೇರ್ಪಡಿಸುವ ಕಾರ್ಯ. 1912ರಲ್ಲಿ ಫುಂಕ್ ಅದಕ್ಕೂ ಅದರಂಥ ಇತರ ವಸ್ತುಗಳಿಗೂ 'ವಿಟಮಿನ್' ಎಂಬ ಹೆಸರನ್ನು ಸೂಚಿಸಿದನು. 1926ರಲ್ಲಿ ಯಾನ್ಸೆನ್ ಮತ್ತು ಡೊನಾತ್ ಜಾವಾದಲ್ಲಿಯೇ ತೌಡಿನಿಂದ ಅದರ ಹರಳುಗಳನ್ನು ಪಡೆದರು. 1936ರಲ್ಲಿ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅದನ್ನು ಕೃತಕವಾಗಿ ತಯಾರಿಸಿದನು. ಯಾನ್ಸೆನ್ ಅದಕ್ಕಿಟ್ಟ 'ಅನ್ಯೂರಿನ್' ಎಂಬ ಹೆಸರಿಗೆ ನರಶೋಥನಿವಾರಕ ಎಂಬ ಅರ್ಥವೇ ಒಳಗಿದೆ. ಇಂದು ರೂಢಿಯಲ್ಲಿರುವ ಹೆಸರು ಥಯಮಿನ್.

ಈ ರಾಬರ್ಟ್ ವಿಲಿಯಮ್ಸನು ಹುಟ್ಟಿದ್ದು 1886ರಲ್ಲಿ ನಮ್ಮ ನೆಲ್ಲೂರಿನಲ್ಲಿ, ಕ್ರೈಸ್ತ ಮಿಷನರಿಗಳ ಮಗನಾಗಿ. ಮಾಲ್ಕಮ್‌ಸನ್ನನ ಬೆರಿಬೆರಿ ಜಿಲ್ಲೆಗಳ ಗಡಿಯಿಂದ ಆ ಊರು ದೂರವಿಲ್ಲ. ಅವನ ತಮ್ಮ ರೋಜರ್ ವಿಲಿಯಮ್ಸ್ 1893ರಲ್ಲಿ ಉದಕಮಂಡಲದಲ್ಲಿ ಜನಿಸಿದನು. ಈ ತಮ್ಮನೇ 1933ರಲ್ಲಿ ಯೀಸ್ಟಿನ ಬೆಳವಣಿಗೆಗೆ ಅವಶ್ಯವಾದ ಒಂದು ಹೊಸ ಆಮ್ಲವನ್ನು ಕಂಡುಹಿಡಿದು, ಅದು ಪ್ರಾಣಿಸಸ್ಯಗಳೆಲ್ಲದರಲ್ಲಿಯೂ ಇರುವುದನ್ನು ನೋಡಿ, 'ಎಲ್ಲೆಡೆಯಿಂದ' ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಪ್ಯಾಂಟೊಥೆನಿಕ್ ಆಮ್ಲವೆಂದು ಹೆಸರಿಟ್ಟನು. ಮದರಾಸು ಪ್ರಾಂತದಲ್ಲಿ ಹುಟ್ಟಿದ ಇಬ್ಬರು ಸೋದರರು ನರಗಳ ಆರೋಗ್ಯಕ್ಕೆ ಬೇಕಾದ ಎರಡು ಅನ್ನಾಂಗಗಳ ಚರಿತ್ರೆಯಲ್ಲಿ ಮುಖ್ಯರಾದುದು ಆಕಸ್ಮಿಕವೇ ಸರಿ. ಆದರೆ ತಮ್ಮನ ಆಮ್ಲವು ಮುಂದೆ ಮದರಾಸಿನ ಆಸ್ಪತ್ರೆಗೇ ಬಂದು ಸೇರಲಿತ್ತು.

ಉತ್ತರ ಸರ್ಕಾರ್ ಜಿಲ್ಲೆಗಳ ಪ್ರಶ್ನೆಗೆ ಉತ್ತರ ಬಂದುದು ಕೂನೂರಿನಿಂದ. ಮೆಕ್ಯಾರಿಸನ್ ಅಲ್ಲಿ ಆರಂಭಿಸಿದ ಪೋಷಣ ಸಂಶೋಧನಾಲಯಕ್ಕೆ 1935ರಲ್ಲಿ ಐಕ್ರಾಯ್ಡ್ ನಿರ್ದೇಶಕನಾಗಿ ಬಂದನು. ಅವನೂ ಅವನ ಸಹೋದ್ಯೋಗಿಗಳೂ ದಕ್ಷಿಣದ ಅಕ್ಕಿಯ ಬಳಕೆಯನ್ನು ಪರಿಶೀಲಿಸಿ 1940ರಲ್ಲಿ ಭಾರತದ ಅಕ್ಕಿಯ ಸಮಸ್ಯೆಯನ್ನು ಕುರಿತು ಒಂದು ಪ್ರಬಂಧವನ್ನು ಹೊರತಂದರು. ತಮಿಳುನಾಡಿನ ಬಹುಭಾಗದಲ್ಲಿ ಬಡಜನರು ತಿನ್ನುತ್ತಿದ್ದುದು ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸಿ ಕುಟ್ಟಿದ ಅಕ್ಕಿ; ಉತ್ತರ ಸರ್ಕಾರ್ ಜಿಲ್ಲೆಗಳಲ್ಲಿ ತಿನ್ನುತ್ತಿದ್ದುದು ಗಿರಣಿಯಲ್ಲಿ ಬೆಳ್ಳಗೆ ಮಾಡಿದ ಬೆಳ್ತಿಗೆ ಅಕ್ಕಿ. ಭತ್ತವನ್ನು ಹೊಟ್ಟಿನೊಡನೆ ಬೇಯಿಸುವಾಗ ತೌಡಿನ ಪದರದಲ್ಲಿರುವ ಥಯಮಿನ್ ನೀರಿನಲ್ಲಿ ಕರಗಿ ಕಾಳಿನ ಒಳಕ್ಕೆ ಇಳಿಯುತ್ತದೆ. ಅನಂತರ ಗಿರಣಿಗೆ ಹಾಕಿ ತೌಡು ತೆಗೆದರೂ ಅದರ ಗಣನೀಯವಾದ ಭಾಗ ಕಾಳಿನಲ್ಲಿಯೇ ಉಳಿಯುತ್ತದೆ. ಬೆಳ್ತಿಗೆ ಅಕ್ಕಿಯಲ್ಲಾದರೋ ಅದು ತೌಡಿನೊಡನೆ ಹೊರಟುಹೋಗುವುದು. ಉಳಿದುದರಲ್ಲಿಯೂ ಅಕ್ಕಿ ತೊಳೆದ ನೀರಿನೊಡನೆ ಸ್ವಲ್ಪ, ಬಸಿದ ಗಂಜಿಯೊಡನೆ ಸ್ವಲ್ಪ ನಷ್ಟವಾಗುವುದು. ನಮ್ಮ ದಕ್ಷಿಣ ಕನ್ನಡದ ಕುಚ್ಚಿಲಕ್ಕಿಯ ವಿಷಯವೂ ಇದೇ. ಕರಾವಳಿಯವರ ಗಂಜಿಯೂಟವನ್ನು ಕಂಡು ಹಾಸ್ಯಮಾಡುವ ಬೆಳ್ತಿಗೆ ಅನ್ನದವರು ನಾಲ್ಕು ಮಾತನ್ನು ನುಂಗಿಕೊಳ್ಳಬೇಕಾದೀತು. ಮೈಸೂರು ಸೀಮೆಯ ರಾಗಿಗೆ ಸಾಮಾನ್ಯವಾಗಿ ಇಂಥ ಬಿಳುಪಿನ ಸಂಸ್ಕಾರ ನಡೆಯುತ್ತಿರಲಿಲ್ಲ. ಅದನ್ನು ಇಡಿಯಾಗಿ ಬೀಸಿ ಬಳಸುತ್ತಿದ್ದುದರಿಂದ ಹೊರಪದರದ ಸತ್ತ್ವವು ಹಿಟ್ಟಿನಲ್ಲಿಯೇ ಉಳಿಯುತ್ತಿತ್ತು.

ಇಷ್ಟಾದರೂ ಅಂಗಾಲಿನ ಉರಿಯ ಪ್ರಶ್ನೆ ಬಿಡಿಸಿದಂತಾಗಲಿಲ್ಲ. ಬೆರಿಬೆರಿಯವರಲ್ಲಿ ಜೋಮು, ಪಾರ್ಶ್ವವಾಯುವಿನಂತಹ ಬಲಹೀನತೆ ಮುಖ್ಯ. ಉರಿಯ ರೋಗಿಗಳಲ್ಲಿ ನೋವು ಪ್ರಧಾನವಾಗಿದ್ದು, ಬಲಹಾನಿ ಅನೇಕ ವೇಳೆ ಇರುವುದೇ ಇಲ್ಲ. 1936ರಿಂದ 1939ರ ವರೆಗಿನ ಸ್ಪೇನಿನ ಅಂತರ್ಯುದ್ಧದಲ್ಲಿ ಮುತ್ತಿಗೆಗೆ ಒಳಗಾದ ಮ್ಯಾಡ್ರಿಡ್ ನಗರದಲ್ಲಿ ಇಂಥ ನೋವು ವ್ಯಾಪಕವಾಗಿ ಕಾಣಿಸಿಕೊಂಡಿತು. ಪೆರಾಯ್ತಾ ಎಂಬ ವೈದ್ಯನು ಅದನ್ನು ವಿವರಿಸಿದ್ದಾನೆ. ಮ್ಯಾಡ್ರಿಡ್‌ನವರು ಅಕ್ಕಿಯನ್ನೇ ನಂಬಿದ ಜನರಲ್ಲ. ಆದುದರಿಂದ ದೋಷವನ್ನು ಅಕ್ಕಿಯ ಮೇಲೆಯೇ ಹೊರಿಸುವುದು ಸಾಧ್ಯವಾಗಲಿಲ್ಲ.

ಅನಂತರ ಬಂದುದು ಎರಡನೆಯ ಮಹಾಯುದ್ಧ. 1942ರ ಫೆಬ್ರವರಿ 15ರಂದು ಸಿಂಗಪುರವು ಜಪಾನೀಯರ ವಶವಾಯಿತು. ಚಾಂಗಿ ಮೊದಲಾದ ಶಿಬಿರಗಳಲ್ಲಿ ಸಾವಿರಾರು ಕೈದಿಗಳು ಒಮ್ಮೆಗೇ ಬಿಳಿ ಅಕ್ಕಿಯ ಆಹಾರಕ್ಕೆ ಇಳಿದರು. ಮೊದಲು ಬೆರಿಬೆರಿ, ಕೆಲವು ತಿಂಗಳ ಮೇಲೆ ಬಾಯಿಹುಣ್ಣು, ಚರ್ಮರೋಗ, ದೃಷ್ಟಿಮಾಂದ್ಯ, ಅವುಗಳೊಡನೆ ಅಂಗಾಲಿನ ಉರಿ ಕಾಣಿಸಿಕೊಂಡುವು. ರಾತ್ರಿಯೆಲ್ಲ ನಿದ್ರೆಯಿಲ್ಲದೆ ಸೈನಿಕರು ಪಾದಗಳನ್ನು ತಣ್ಣೀರಿನಲ್ಲಿ ಇಟ್ಟುಕೊಂಡು ಕುಳಿತಿರುತ್ತಿದ್ದರು, ಇಲ್ಲವೆ ಕೈಯಿಂದ ತಿಕ್ಕಿಕೊಳ್ಳುತ್ತ ಶಿಬಿರದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಕುಣಿಯುವಂತೆ ಕಾಲೆತ್ತಿಡುತ್ತಿದ್ದ ಈ ನಡಿಗೆಯನ್ನು ಕಂಡು ಕೈದಿಗಳೇ ಅದನ್ನು 'ಸಂತೋಷದ ಕಾಲು' ಎಂದು ಕರೆದರು. ಹಾಂಗ್‌ಕಾಂಗಿನಲ್ಲಿ ಸೆರೆಯಾಗಿದ್ದ ಕೆನಡದವರು ಇಟ್ಟ ಹೆಸರು 'ವಿದ್ಯುತ್ತಿನ ಕಾಲು'. ಶಿಬಿರದ ವೈದ್ಯರು, ತಾವೂ ಕೈದಿಗಳೇ ಆಗಿದ್ದು, ತೌಡನ್ನು ಕೂಡಿಹಾಕಿದರು, ಯೀಸ್ಟನ್ನು ಬೆಳೆಸಿದರು, ಹುಲ್ಲನ್ನು ಅರೆದು ಕಷಾಯ ತೆಗೆದರು. ಅವುಗಳಿಂದ ಕೆಲವರಿಗೆ ಗುಣ ಕಂಡಿತು, ಕೆಲವರಿಗೆ ಕಾಣಲಿಲ್ಲ. ಶುದ್ಧವಾದ ಥಯಮಿನ್ ಸಿಕ್ಕಿದಾಗ ಅದು ಬೆರಿಬೆರಿಯನ್ನು ಗುಣಪಡಿಸಿದರೂ ಅಂಗಾಲಿನ ಉರಿಯ ವಿಷಯದಲ್ಲಿ ನಿರಾಶೆಯನ್ನೇ ತಂದಿತು. ಯುದ್ಧ ಮುಗಿದೊಡನೆ, 1946–47ರಲ್ಲಿ, ಈ ಅನುಭವಗಳು ಇಂಗ್ಲೆಂಡು ಮತ್ತು ಅಮೆರಿಕದ ವೈದ್ಯಪತ್ರಿಕೆಗಳಲ್ಲಿ ಬೆಳಕು ಕಂಡುವು.

ಅದೇ 1946ರಲ್ಲಿ ಮದರಾಸಿನ ತರುಣ ವೈದ್ಯರಾದ ಸಿ. ಗೋಪಾಲನ್ ಅವರು 'ಇಂಡಿಯನ್ ಮೆಡಿಕಲ್ ಗೆಜೆಟ್' ಪತ್ರಿಕೆಯಲ್ಲಿ ಅಂಗಾಲುರಿಯ ಮೇಲೆ ತಮ್ಮ ಲೇಖನವನ್ನು ಪ್ರಕಟಿಸಿದರು. ಅವರ ರೋಗಿಗಳು ಸೈನಿಕರೂ ಅಲ್ಲ, ಕೈದಿಗಳೂ ಅಲ್ಲ. ಸ್ವತಂತ್ರರಾಗಿ ಬಾಳುತ್ತಿದ್ದ, ಆದರೆ ಹೊಟ್ಟೆತುಂಬ ಊಟವಿಲ್ಲದ ಬಡಜನರು. ಥಯಮಿನ್, ರೈಬೊಫ್ಲೇವಿನ್, ನಿಕೋಟಿನಿಕ್ ಆಮ್ಲ, ಇವುಗಳಿಂದ ಕಡಮೆಯಾಗದ ಉರಿಯು ಪ್ಯಾಂಟೊಥೆನಿಕ್ ಆಮ್ಲದ ಲವಣವನ್ನು ಸೂಜಿಮದ್ದಿನ ಮೂಲಕ ಕೊಟ್ಟಾಗ ಶಮನವಾಯಿತೆಂದು ಅವರು ತಿಳಿಸಿದರು. ಒಂದೊಂದು ಅನ್ನಾಂಗವನ್ನು ಬೇರೆಬೇರೆಯಾಗಿ ಕೊಟ್ಟು ನೋಡಿದುದೇ ಈ ಕೆಲಸದ ಮೇಲ್ಮೆ. ತೌಡು, ಯೀಸ್ಟುಗಳಲ್ಲಿ ಹತ್ತಾರು ಸತ್ತ್ವಗಳು ಕೂಡಿರುವುದರಿಂದ ಗುಣ ಕಂಡರೂ ಯಾವುದರಿಂದ ಎಂದು ಹೇಳಲಾಗುವುದಿಲ್ಲ. ಹೀಗೆ ಉದಕಮಂಡಲದಲ್ಲಿ ಹುಟ್ಟಿದವನ ಆಮ್ಲವು ಮದರಾಸಿನ ಅಂಗಾಲುರಿಗೆ ಮದ್ದಾಯಿತು.

ಆದರೆ ಇಲ್ಲಿಯೇ ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆ ಎದುರಾಗುತ್ತದೆ. ಎಲ್ಲ ಆಹಾರದಲ್ಲಿಯೂ ಇರುವ ವಸ್ತುವಿನ ಅಭಾವವು ಒಬ್ಬನಿಗೆ ಹೇಗೆ ಬಂದೀತು? ಹೊಟ್ಟೆಗಿಲ್ಲದವನಿಗೆ ಬಂದೀತು ನಿಜ. ಆದರೆ ಅವನಿಗೆ ಬೇರೆ ಹತ್ತು ಅಭಾವಗಳೂ ಇರುತ್ತವೆ. ಅಮೆರಿಕದ ಅಯೋವಾದಲ್ಲಿ ಬೀನ್, ಹಾಜಸ್ ಮತ್ತು ಅವರ ಸಂಗಡಿಗರು 1950ರ ದಶಕದಲ್ಲಿ ಈ ಸಂದೇಹವನ್ನು ಪ್ರಯೋಗಕ್ಕೆ ಒಡ್ಡಿದರು. ಪ್ಯಾಂಟೊಥೆನಿಕ್ ಆಮ್ಲವಿಲ್ಲದ ಆಹಾರವನ್ನೂ, ಆ ಆಮ್ಲದ ಕೆಲಸಕ್ಕೆ ಅಡ್ಡಿಮಾಡುವ ಪ್ರತಿರೋಧಕ ದ್ರವ್ಯವನ್ನೂ ಕೆಲವರಿಗೆ ಕೊಟ್ಟಾಗ ಆಯಾಸ, ತಲೆನೋವು, ಕೈಕಾಲುಗಳಲ್ಲಿ ಜೋಮು, ಕೆಲವರಲ್ಲಿ ಪಾದಗಳ ಉರಿ ಕಾಣಿಸಿದುವು. ಗೋಪಾಲನ್ನರ ಪಕ್ಷಕ್ಕೆ ಇದು ಬಲವನ್ನು ಕೊಡುತ್ತದೆ. ಆದರೆ 1976ರಲ್ಲಿ ಪ್ರತಿರೋಧಕವನ್ನು ಕೊಡದೆ ಆ ಆಮ್ಲವನ್ನು ಮಾತ್ರ ಆಹಾರದಿಂದ ತೆಗೆದು ಕೆಲವು ವಾರ ನೋಡಿದಾಗ ಇಂಥ ಸ್ಪಷ್ಟ ಲಕ್ಷಣಗಳು ತೋರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಉಪವಾಸದ ಶಿಬಿರಗಳ ಅಂಗಾಲುರಿಯು ಒಂದೇ ಸತ್ತ್ವದ ಕೊರತೆಯಿಂದ ಬಂದುದಲ್ಲ. ಹಲವು ಕೊರತೆಗಳು ಕೂಡಿದ ಶರೀರದಲ್ಲಿ ಪ್ಯಾಂಟೊಥೆನಿಕ್ ಆಮ್ಲದ ಕೊರತೆಯು ಅದರ ಒಂದು ಮುಖ್ಯಾಂಗವಾಗಿತ್ತೆಂದು ಹೇಳುವುದು ಸಾಕ್ಷ್ಯಗಳಿಗೆ ಹೆಚ್ಚು ಹೊಂದುತ್ತದೆ. ಇದರಿಂದ ಮದರಾಸಿನ ಕೆಲಸದ ಬೆಲೆಯೇನೂ ಕುಂದುವುದಿಲ್ಲ.

ತಪ್ಪು ಪೂರಕವು ಎಂಥ ಅನರ್ಥವನ್ನು ತರಬಲ್ಲುದೆಂಬುದು ಅದೇ ವರ್ಷಗಳಲ್ಲಿ ಬೇರೊಂದು ಕಡೆ ವ್ಯಕ್ತವಾಯಿತು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಿಂದ ಮುಂಬಯಿಯಲ್ಲಿ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸಮಾಡಿ, ಯೀಸ್ಟಿನಿಂದ ತೆಗೆದ 'ಮಾರ್ಮೈಟ್' ಎಂಬ ಅಗ್ಗದ ಸಾರದಿಂದ ಅದು ಗುಣವಾಗುವುದನ್ನು ತೋರಿಸಿದ್ದಳು. ಅದರಲ್ಲಿದ್ದ ಸತ್ತ್ವವೇ ಫೋಲಿಕ್ ಆಮ್ಲವೆಂದು ಅನಂತರ ತಿಳಿಯಿತು. 1945ರಲ್ಲಿ ಅದು ಕೃತಕವಾಗಿ ಸಿದ್ಧವಾದೊಡನೆ, ಮಾರಕ ರಕ್ತಹೀನತೆ ಎಂದು ಹೆಸರಾದ ಬೇರೊಂದು ರೋಗಕ್ಕೂ ಅದನ್ನು ಉತ್ಸಾಹದಿಂದ ಕೊಟ್ಟರು. ರಕ್ತವು ಸುಧಾರಿಸಿತು, ರೋಗಿಯ ಮುಖಕ್ಕೆ ಕಳೆ ಬಂದಿತು. ಆದರೆ ಕೆಲವರಲ್ಲಿ ಕಾಲಿನ ಜೋಮು ಹೆಚ್ಚಿ, ಬೆನ್ನುಹುರಿ ಕೆಟ್ಟು, ನಡಿಗೆ ತಪ್ಪಿತು. ಈ ರೋಗದಲ್ಲಿ ನಿಜವಾಗಿ ಕಡಮೆಯಾಗಿದ್ದುದು 1948ರಲ್ಲಿ ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಏಕಕಾಲಕ್ಕೆ ಬೇರ್ಪಟ್ಟ 'ಬಿ-12' ಅನ್ನಾಂಗ. ಫೋಲಿಕ್ ಆಮ್ಲವು ರಕ್ತದ ದೋಷವನ್ನು ಮುಚ್ಚಿತೇ ಹೊರತು ನರಗಳ ದೋಷವನ್ನು ತಡೆಯಲಿಲ್ಲ. ರಕ್ತ ಸರಿಯಾದುದನ್ನು ಕಂಡು ವೈದ್ಯನು ನಿಶ್ಚಿಂತನಾಗಿರುವಾಗ ನರವು ಒಳಗೇ ಸವೆಯುತ್ತಿತ್ತು. ಹಾಲು ಮೊಸರುಗಳ ಅನುಕೂಲವೂ ಇಲ್ಲದ ಸಸ್ಯಾಹಾರಿಗಳಲ್ಲಿ 'ಬಿ-12' ಕಡಮೆಯಾಗುವ ಸಂಭವವಿರುವುದರಿಂದ ಈ ಪ್ರಸಂಗವು ನಮ್ಮ ನಾಡಿಗೆ ಹೊರಗಿನದಲ್ಲ.

ಕೊನೆಯದಾಗಿ ಪಿರಿಡಾಕ್ಸಿನ್, ಎಂದರೆ 'ಬಿ-6'. 1952ರಲ್ಲಿ ಕ್ಷಯರೋಗಕ್ಕೆ ಐಸೊನಯಾಜಿಡ್ ಎಂಬ ಔಷಧ ಬಳಕೆಗೆ ಬಂದಿತು. ಅದನ್ನು ಸೇವಿಸಿದ ಕೆಲವರಿಗೆ ಪಾದಗಳಲ್ಲಿ ಜೋಮು ಮತ್ತು ಉರಿ ಕಾಣಿಸಿಕೊಂಡಿತು; ಔಷಧವು ಶರೀರದ ಪಿರಿಡಾಕ್ಸಿನ್ನನ್ನು ನಿಷ್ಪ್ರಯೋಜಕವಾಗಿ ಮಾಡುವುದೇ ಇದಕ್ಕೆ ಕಾರಣವೆಂದು 1954ರ ವೇಳೆಗೆ ತಿಳಿದುಬಂದಿತ್ತು. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯರೋಗ ಚಿಕಿತ್ಸಾ ಕೇಂದ್ರದ ಸಂಶೋಧಕರು ಬಡರೋಗಿಗಳ ಮೇಲೆ ಇದನ್ನು ಕ್ರಮವಾಗಿ ಪರೀಕ್ಷಿಸಿದರು. ಐಸೊನಯಾಜಿಡ್ಡನ್ನು ಶರೀರದಲ್ಲಿ ನಿಧಾನವಾಗಿ ಜೀರ್ಣಿಸುವ ಜನ್ಮಗುಣವುಳ್ಳವರಿಗೆ ನರಬಾಧೆ ಹೆಚ್ಚೆಂದು 1960ರಲ್ಲಿಯೂ, ದಿನಕ್ಕೆ ಕೇವಲ 6 ಮಿಲಿಗ್ರಾಂ ಪಿರಿಡಾಕ್ಸಿನ್ ಕೊಟ್ಟರೆ ಅದನ್ನು ತಡೆಯಬಹುದೆಂದು 1963ರಲ್ಲಿಯೂ ಅವರು ವರದಿಮಾಡಿದರು. ನರವೇದನೆಗೆ ಆಹಾರಪೂರಕವನ್ನು ಕೊಡುವ ಚರಿತ್ರೆಯಲ್ಲಿ ಇಷ್ಟು ನಿಷ್ಕೃಷ್ಟವಾಗಿ ಕಾರಣ, ಪ್ರಮಾಣ, ಫಲ ಮೂರೂ ತಿಳಿದ ಉದಾಹರಣೆಗಳು ವಿರಳ. ಬಡವರ ಚಿಕಿತ್ಸೆಯಲ್ಲಿ ಅಲ್ಪಪ್ರಮಾಣ ಸಾಕೆಂಬುದು ಖರ್ಚಿನ ದೃಷ್ಟಿಯಿಂದಲೂ ಮುಖ್ಯವಾಗಿತ್ತು.

ಆದರೆ ಸ್ವಲ್ಪದಿಂದ ಗುಣವಾದರೆ ಹೆಚ್ಚಿನಿಂದ ಇನ್ನೂ ಗುಣವಾದೀತೆಂಬ ಭಾವನೆ ಸಹಜವಾದುದು. ನೀರಿನಲ್ಲಿ ಕರಗುವ ಅನ್ನಾಂಗಗಳು ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತವೆ, ಆದ್ದರಿಂದ ನಿರಪಾಯವಾದುವು ಎಂಬ ಮಾತೂ ಪ್ರಚಾರದಲ್ಲಿತ್ತು. 1983ರಲ್ಲಿ ಅಮೆರಿಕದ ಶೌಮ್‌ಬರ್ಗ್ ಮತ್ತು ಸಹೋದ್ಯೋಗಿಗಳು ದಿನಕ್ಕೆ 2ರಿಂದ 6 ಗ್ರಾಂ ಪಿರಿಡಾಕ್ಸಿನ್ನನ್ನು ತಿಂಗಳುಗಟ್ಟಲೆ ಸೇವಿಸಿದ ಏಳು ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಅವರೆಲ್ಲರಿಗೂ ಪಾದಗಳಲ್ಲಿ, ಅನಂತರ ಕೈಗಳಲ್ಲಿ ಸ್ಪರ್ಶಜ್ಞಾನ ಕೆಟ್ಟು, ಕತ್ತಲೆಯಲ್ಲಿ ನಿಲ್ಲುವುದೂ ಕಷ್ಟವಾಗಿತ್ತು. ಮದರಾಸಿನಲ್ಲಿ ಅಂಗಾಲುರಿಯನ್ನು ತಡೆದ ಪ್ರಮಾಣಕ್ಕೆ ಇದು ಮುನ್ನೂರು ಮಡಿಗಿಂತ ಹೆಚ್ಚು. ಮಾತ್ರೆಯನ್ನು ನಿಲ್ಲಿಸಿದ ಮೇಲೆ ಅವರ ಸ್ಥಿತಿ ಸುಧಾರಿಸತೊಡಗಿತು. ಆದರೆ ಅದಕ್ಕೆ ಅನೇಕ ತಿಂಗಳುಗಳು ಹಿಡಿದುವು.